ಸಾಹೇಬರ ಕಡತದಲ್ಲಿಲ್ಲದ ಕುರುಂಬಿ

ಮಗಳಿಗೆ ಶಾಲೆಯಲ್ಲಿ ವಂಶವೃಕ್ಷ ಬರೆದು ತರಲು ಹೇಳಿದ್ದರು. ನಾಲ್ಕು ತಲೆಮಾರು ಸಾಕು, ಚಾರ್ಟ್ ಪೇಪರಿನ ಮೇಲೆ ಮರದ ಚಿತ್ರ ಬಿಡಿಸಿ ಕೊಂಬೆಗಳಲ್ಲಿ ಹೆಸರು ತುಂಬಬೇಕು. ಕೊಚ್ಚಿಯ ಕಾಕ್ಕನಾಡಿನ ನಮ್ಮ ಫ್ಲ್ಯಾಟಿನಲ್ಲಿ ಊಟ ಮುಗಿಸಿ ಆ ಕಾಗದ ಹರಡಿಕೊಂಡು ಮೂವರೂ ನೆಲದ ಮೇಲೆ ಕುಳಿತೆವು. ನಾನು ವಿರಾಜಪೇಟೆಯ ಕಡೆಯವನು, ನನ್ನಾಕೆ ತಲಶೇರಿಯವಳು. ನನ್ನ ಕಡೆಯ ಕೊಂಬೆ ತುಂಬುವ ಕೆಲಸ ನನಗೆ ಬಂತು. ಅಪ್ಪ, ಅಜ್ಜ, ಮುತ್ತಜ್ಜ, ಅವರಪ್ಪ. ಹೆಸರುಗಳನ್ನು ಒಂದೇ ಉಸಿರಿಗೆ ಹೇಳಿದೆ. "ಮುತ್ತಜ್ಜನ ಹೆಂಡತಿ ಹೆಸರೇನು?" ಎಂದಳು ಮಗಳು. ನನಗೆ ಗೊತ್ತಿರಲಿಲ್ಲ. ಊರಿಗೆ ಫೋನ್ ಮಾಡಿ ಅಮ್ಮನನ್ನು ಕೇಳಿದೆ. "ಅವರನ್ನು ಎಲ್ಲರೂ ದೊಡ್ಡಮ್ಮ ಅಂತಲೇ ಕರೀತಿದ್ದರು, ಹೆಸರು ಯಾರಿಗೆ ಗೊತ್ತಪ್ಪ" ಅಂದರು.

ನನ್ನಾಕೆಯ ಕಡೆಯ ಕಥೆ ಇದಕ್ಕೆ ತಿರುಗುಮುರುಗು. ತಾಯಿ, ಅಜ್ಜಿ, ಅಜ್ಜಿಯ ತಾಯಿ, ಅವರ ತಾಯಿ ಎಂದು ಹೆಣ್ಣುಮಕ್ಕಳ ಹೆಸರುಗಳು ಸಾಲಾಗಿ ಬಂದವು. ಉತ್ತರ ಮಲಬಾರಿನ ತೀಯರ ಮನೆಗಳಲ್ಲಿ ಹಿಂದೆ ವಂಶ ನಡೆಯುತ್ತಿದ್ದದ್ದು ತಾಯಿಯ ಕಡೆಯಿಂದ. ನಮ್ಮ ಕರಾವಳಿಯ ಅಳಿಯಸಂತಾನದ ಹಾಗೆಯೇ ಅಲ್ಲಿ ಮರುಮಕ್ಕತ್ತಾಯಂ. ಹೆಸರು ಬರೆಯುತ್ತಾ ಬರೆಯುತ್ತಾ ಅವಳು ಮಗಳಿಗೆ ಹೇಳಿದಳು: "ನಮ್ಮೂರಿನ ಜಾನಕಿ ಅಮ್ಮಾಳ್ ಗೊತ್ತಲ್ಲ, ಗಿಡಗಳ ವಿಜ್ಞಾನಿ? ಅವರ ತಾಯಿಯ ಅಪ್ಪ ಒಬ್ಬ ಸಾಯಿಪ್ಪು." ಸಾಯಿಪ್ಪು ಎಂದರೆ ಮಲಯಾಳದಲ್ಲಿ ಸಾಹೇಬ, ಬಿಳಿಯ.

ನನ್ನ ಕಸುಬು ಆಡಿಟ್. ಪುಸ್ತಕದಲ್ಲಿ ಬರೆದದ್ದನ್ನು ನೋಡುವುದಕ್ಕಿಂತ, ಬರೆಯಬೇಕಾಗಿದ್ದು ಎಲ್ಲಿ ಬಿಟ್ಟುಹೋಗಿದೆ ಎಂದು ಹುಡುಕುವುದಕ್ಕೇ ನನಗೆ ಸಂಬಳ. ಆ ಒಂದು ಮಾತು ತಲೆಯಲ್ಲಿ ಕೂತುಬಿಟ್ಟಿತು. ಕೊಚ್ಚಿಯಲ್ಲಿ ಕೆಲವು ಭಾನುವಾರ, ಕೆಲಸದ ಮೇಲೆ ತಿರುವನಂತಪುರಕ್ಕೆ ಹೋದಾಗ ಕೆಲವು ಸಂಜೆ, ಈ ಸಾಯಿಪ್ಪು ಮತ್ತು ಆ ಅಜ್ಜಿಯ ಹಿಂದೆ ಓಡಾಡಿದೆ. ಅದರ ಕಥೆಯಿದು. ನಡುವೆ ನಮ್ಮ ಮಡಿಕೇರಿಯೂ ಬರುತ್ತದೆ ಎಂದು ಹೊರಡುವಾಗ ನನಗೆ ತಿಳಿದಿರಲಿಲ್ಲ.

ಮದುವೆಯ ಪುಸ್ತಕ

ಊರಿನಿಂದ ನೆಂಟರು ಬಂದರೆ ನಾವೆಲ್ಲ ಫೋರ್ಟ್ ಕೊಚ್ಚಿಗೆ ಕರೆದೊಯ್ಯುತ್ತೇವೆ. ಚೀನೀ ಬಲೆ, ಮೀನು, ಆಮೇಲೆ ಸೇಂಟ್ ಫ್ರಾನ್ಸಿಸ್ ಚರ್ಚ್. ವಾಸ್ಕೋ ಡ ಗಾಮ 1524ರಲ್ಲಿ ಕೊಚ್ಚಿಯಲ್ಲೇ ತೀರಿಕೊಂಡಾಗ ಹೂಳಿದ್ದು ಇಲ್ಲಿ. ಹದಿನಾಲ್ಕು ವರ್ಷಗಳ ಬಳಿಕ ಅವಶೇಷಗಳನ್ನು ಪೋರ್ಚುಗಲ್ಲಿಗೆ ಸಾಗಿಸಿದರು. ಎಲ್ಲರೂ ಆ ಸಮಾಧಿಯ ಕಲ್ಲಿನ ಮುಂದೆ ಫೋಟೋ ತೆಗೆಸಿಕೊಂಡು ಹೊರಡುತ್ತಾರೆ. ಅದೇ ಚರ್ಚಿಗೆ ಸೇರಿದ ಇನ್ನೊಂದು ಆಸ್ತಿಯಿದೆ: ಡಚ್ಚರ ಕಾಲದ 'ಡೋಪ್ ಬುಕ್', ಅಂದರೆ ಜ್ಞಾನಸ್ನಾನ ಮತ್ತು ಮದುವೆಗಳ ದಾಖಲೆ. 1751ರಿಂದ 1804ರವರೆಗಿನ ಹೆಸರುಗಳು ಅದರಲ್ಲಿವೆ.

ಪರದೇಶಿ ಗಂಡು, ಈ ನೆಲದ ಹೆಣ್ಣು ಎಂಬ ಸಂಗತಿ ಕೊಚ್ಚಿಗೆ ಹೊಸದಲ್ಲ. ಪೋರ್ಚುಗೀಸ್ ಗವರ್ನರ್ ಅಫೋನ್ಸೋ ಡಿ ಅಲ್ಬುಕರ್ಕ್ 1510ರಲ್ಲಿ ಗೋವಾ ಗೆದ್ದ ಮೇಲೆ ತನ್ನ ಸೈನಿಕರು ಇಲ್ಲಿಯ ಹೆಣ್ಣುಮಕ್ಕಳನ್ನು ಮದುವೆಯಾಗಲು ತಾನೇ ಪ್ರೋತ್ಸಾಹ ಕೊಟ್ಟ. ಹಾಗೆ ಮದುವೆಯಾಗಿ ನೆಲೆ ನಿಂತವರು ಕೊಚ್ಚಿಯಲ್ಲೂ ಇದ್ದರು. ಆದರೆ ಷರತ್ತೊಂದಿತ್ತು: ಹೆಣ್ಣು ಮೊದಲು ಕ್ರೈಸ್ತಳಾಗಬೇಕು. ಡಚ್ಚರು 1663ರಲ್ಲಿ ಕೊಚ್ಚಿ ಹಿಡಿದರು, 1795ರಲ್ಲಿ ಬ್ರಿಟಿಷರಿಗೆ ಬಿಟ್ಟರು. ಅವರ ಕಾಲದಲ್ಲೂ ಚರ್ಚಿನ ಬಾಗಿಲು ದಾಟದೆ ಮದುವೆಯ ಪುಸ್ತಕಕ್ಕೆ ಹೆಸರು ಏರುತ್ತಿರಲಿಲ್ಲ. ಬಾಗಿಲು ದಾಟಿದವಳಿಗೆ ಹೊಸ ಹೆಸರು ಸಿಗುತ್ತಿತ್ತು, ಹುಟ್ಟಿನ ಹೆಸರು ಹೊಸ್ತಿಲಾಚೆ ಉಳಿಯುತ್ತಿತ್ತು. ಮಲಬಾರಿನಿಂದ ಗುಲಾಮರಾಗಿ ಆಫ್ರಿಕದ ಕೇಪ್‌ವರೆಗೆ ಹೋದ ಹೆಣ್ಣುಮಕ್ಕಳನ್ನು ಡಚ್ಚರು 'ವಾನ್ ಮಲಬಾರ್' ಎಂದು, ಊರನ್ನೇ ಮನೆತನ ಮಾಡಿ ಬರೆದುಕೊಂಡರು.

ಬ್ರಿಟಿಷರು ಬಂದ ಮೇಲೆ ಲೆಕ್ಕದ ರೀತಿ ಬದಲಾಯಿತು. ಆರಂಭದ ದಿನಗಳಲ್ಲಿ ಕಂಪನಿಯ ಅಧಿಕಾರಿಗಳು ಸ್ಥಳೀಯ ಹೆಣ್ಣುಮಕ್ಕಳೊಡನೆ ಬಾಳುವುದನ್ನು ಯಾರೂ ದೊಡ್ಡದು ಮಾಡುತ್ತಿರಲಿಲ್ಲ. ಕಾರ್ನ್‌ವಾಲಿಸ್‌ನ ಕಾಲದಲ್ಲಿ, 1791ರಲ್ಲಿ, ತಾಯಿ ತಂದೆಯರಲ್ಲಿ ಒಬ್ಬರು ಭಾರತೀಯರಾದವರನ್ನು ಕಂಪನಿಯ ದೊಡ್ಡ ಹುದ್ದೆಗಳಿಂದ ಹೊರಗಿಟ್ಟರು. 1857ರ ಬಳಿಕ ಆಳುವವರಿಗೂ ಆಳಿಸಿಕೊಳ್ಳುವವರಿಗೂ ನಡುವಿನ ಗೋಡೆ ಇನ್ನೂ ಎತ್ತರವಾಯಿತು. 1869ರಲ್ಲಿ ಸುಯೆಜ್ ಕಾಲುವೆ ತೆರೆದು ಪ್ರಯಾಣ ಸುಲಭವಾದಾಗ ಇಂಗ್ಲೆಂಡಿನಿಂದ ಮೇಮ್ ಸಾಹೇಬರು ಹೆಚ್ಚು ಹೆಚ್ಚಾಗಿ ಬರತೊಡಗಿದರು. ಗುಟ್ಟಾಗಿ ನಡೆದರೆ ಸರಿ, ಎದ್ದು ಕಾಣಬಾರದು ಎಂಬ ಹೊಸ ನಿಯಮ ಬರೆಯದೆಯೇ ಜಾರಿಗೆ ಬಂತು.

ಇಲ್ಲಿ ಒಂದು ಕಾನೂನಿನ ವಿಷಯ ಹೇಳಬೇಕು. 1872ರ ಕ್ರೈಸ್ತ ವಿವಾಹ ಕಾಯ್ದೆಯ ಪ್ರಕಾರ ಇಬ್ಬರಲ್ಲಿ ಒಬ್ಬರು ಕ್ರೈಸ್ತರಾಗಿದ್ದರೂ ಮದುವೆ ನಡೆಸಬಹುದಿತ್ತು. ಅಂದರೆ ಸಾಹೇಬನೊಬ್ಬ ಮಲಬಾರಿನ ಹಿಂದೂ ಹೆಣ್ಣನ್ನು ಮದುವೆಯಾಗುವುದಕ್ಕೆ ಕಾನೂನು ಅಡ್ಡ ಬರುತ್ತಿರಲಿಲ್ಲ. ನಿಷೇಧ ಇದ್ದದ್ದು ಕ್ಲಬ್ಬಿನಲ್ಲಿ, ಊಟದ ಮೇಜಿನಲ್ಲಿ, ಬಡ್ತಿಯ ಪಟ್ಟಿಯಲ್ಲಿ. ಇತ್ತ ಜಾತಿಯ ಕೂಟದಲ್ಲಿ.

ತಲಶೇರಿಯ ಮನೆ

ತಲಶೇರಿ ನಮಗೆ ದೂರದ ಊರೇನಲ್ಲ. ಕೊಡಗಿನ ಕಾಫಿ, ಮೆಣಸು ಮಾಕುಟ್ಟದ ಘಟ್ಟ ಇಳಿದು ಹೋಗುತ್ತಿದ್ದದ್ದು ಆ ದಿಕ್ಕಿಗೇ. ಮೀನು ಹತ್ತಿ ಬರುತ್ತಿದ್ದದ್ದೂ ಅಲ್ಲಿಂದಲೇ. ಈಸ್ಟ್ ಇಂಡಿಯಾ ಕಂಪನಿಯ ಹಳೆಯ ಕೋಟೆ ಇನ್ನೂ ಸಮುದ್ರ ನೋಡುತ್ತಾ ನಿಂತಿದೆ. ಬಿಳಿಯ ಅಧಿಕಾರಿಗಳು, ನ್ಯಾಯಾಲಯ, ಮಿಷನ್ ಶಾಲೆ ಎಲ್ಲ ಒಂದೇ ಪುಟ್ಟ ಊರಿನಲ್ಲಿ ಸೇರಿದ್ದರಿಂದ ಇಂಗ್ಲಿಷ್ ಕಲಿತ ತೀಯರು ಇಲ್ಲಿ ಬೇಗನೆ ಸರ್ಕಾರಿ ಕೆಲಸಗಳಿಗೆ ಏರಿದರು. ಅದೇ ಊರಿನಲ್ಲಿ ಬಿಳಿಯರೊಡನೆ ಸಂಬಂಧವಿದ್ದ ತೀಯ ಹೆಣ್ಣುಮಕ್ಕಳೂ ಇದ್ದರು.

ಎಡ್ಗರ್ ಥರ್ಸ್ಟನ್ 1909ರಲ್ಲಿ ಹೊರತಂದ ದಕ್ಷಿಣ ಭಾರತದ ಜಾತಿ ಮತ್ತು ಬುಡಕಟ್ಟುಗಳ ಸಂಪುಟಗಳಲ್ಲಿ ಈ ಸಂಗತಿ ದಾಖಲಾಗಿದೆ. ಮೊದಮೊದಲು ಇದರಿಂದ ಆ ಹೆಣ್ಣುಮಕ್ಕಳಿಗೆ ಸಾಮಾಜಿಕ ಅಪಮಾನವೇನೂ ಇರಲಿಲ್ಲ, ವಿದ್ಯೆ ಹರಡಿದಂತೆ ಅದು ನಾಚಿಕೆಯ ವಿಷಯವಾಯಿತು ಎಂಬುದು ಅಲ್ಲಿಯ ಮಾತಿನ ಸಾರ. ಬರೆದವರ ಧಾಟಿಯಲ್ಲಿ ಒಂದು ನೆಮ್ಮದಿಯ ಉಸಿರಿದೆ, ಪಿಡುಗೊಂದು ತೊಲಗಿತು ಎಂಬಂತೆ. ತೊಲಗಿದ್ದು ಯಾರ ಪಾಲಿಗೆ ಎಂದು ಅವರು ಕೇಳಿಕೊಳ್ಳಲಿಲ್ಲ. ಸಮಾಜಶಾಸ್ತ್ರಜ್ಞೆ ಜಾನಕಿ ಅಬ್ರಹಾಂ ತಲಶೇರಿಯ ಇಂಥ ಮನೆಗಳ ನೆನಪುಗಳನ್ನು ಕಲೆಹಾಕಿ 2006ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಬಿಳುಪಿನ ಕಲೆ ಎಂಬರ್ಥದ ಶೀರ್ಷಿಕೆ ಅದಕ್ಕೆ. ಮೈಬಣ್ಣ ಬಿಳುಪಾದರೆ ಮದುವೆಗೆ ಗಿರಾಕಿ ಹೆಚ್ಚು ಎನ್ನುವ ನಮ್ಮ ದೇಶದಲ್ಲಿ, ಬಿಳುಪೇ ಕಲೆಯಾಗಿ ಕೆಲವು ಮನೆಗಳನ್ನು ಸಮುದಾಯ ದೂರ ಇಟ್ಟ ಕಾಲವೂ ಇತ್ತು.

ಕುಂಞಿ ಕುರುಂಬಿ ಕುರುವಾಯಿ ಇಂಥ ತೀಯ ಹೆಣ್ಣುಮಗಳು. ಜಾನ್ ಚೈಲ್ಡ್ ಹ್ಯಾನಿಂಗ್ಟನ್ ಬ್ರಿಟಿಷ್ ಸಿವಿಲ್ ಸರ್ವಿಸಿನ ಅಧಿಕಾರಿ. 1860ರ ದಶಕದಲ್ಲಿ ಅವರಿಬ್ಬರಿಗೆ ಹುಟ್ಟಿದ ಮಗಳು ದೇವಿ ಕುರುವಾಯಿ. ಹ್ಯಾನಿಂಗ್ಟನ್ ಮುಂದೆ ಮೆಟ್ಟಿಲು ಮೆಟ್ಟಿಲಾಗಿ ಏರಿ 1880ರ ದಶಕದಲ್ಲಿ ತಿರುವಾಂಕೂರು ಮತ್ತು ಕೊಚ್ಚಿ ಸಂಸ್ಥಾನಗಳ ಬ್ರಿಟಿಷ್ ರೆಸಿಡೆಂಟ್ ಆದರು. ರೆಸಿಡೆಂಟ್ ಎಂದರೆ ಏನೆಂದು ಬೆಂಗಳೂರಿನವರಿಗೆ ವಿವರಿಸಬೇಕಿಲ್ಲ. ಮೈಸೂರು ಸಂಸ್ಥಾನದ ರೆಸಿಡೆಂಟರ ಮನೆಯೇ ಮುಂದೆ ರಾಜಭವನವಾಯಿತು. ರೆಸಿಡೆನ್ಸಿ ರಸ್ತೆಯಲ್ಲಿ ಅವರ ಹೆಸರು ಇನ್ನೂ ಓಡಾಡುತ್ತಿದೆ. ಸಿಂಹಾಸನದಲ್ಲಿ ಮಹಾರಾಜ, ಸಿಂಹಾಸನದ ಹಿಂದೆ ರೆಸಿಡೆಂಟ್.

ದೇವಿ ಮದುವೆಯಾದದ್ದು ತೀಯ ಸಮುದಾಯದವರೇ ಆದ ಇ.ಕೆ. ಕೃಷ್ಣನ್ ಅವರನ್ನು. ಮದ್ರಾಸ್ ಪ್ರಾಂತದಲ್ಲಿ ಸಬ್ ಜಡ್ಜ್ ಆಗಿದ್ದವರು, ದಿವಾನ್ ಬಹದ್ದೂರ್ ಬಿರುದು ಪಡೆದವರು, ಉತ್ತರ ಮಲಬಾರಿನ ಹಕ್ಕಿಗಳ ಬಗ್ಗೆ ಬರೆದವರು. ಮೊದಲ ಹೆಂಡತಿಯ ಮಕ್ಕಳೂ ಸೇರಿ 19 ಮಕ್ಕಳ ತುಂಬು ಮನೆ. ಆ ಮನೆಯಲ್ಲಿ 1897ರ ನವೆಂಬರ್ 4ರಂದು ಜಾನಕಿ ಹುಟ್ಟಿದರು.

ಹಲವು ಕಡೆ ದೇವಿಯ ಬಗ್ಗೆ ಬರೆಯುವಾಗ 'ಅಕ್ರಮ ಸಂತಾನ' ಎಂಬ ಪದ ಬಳಸಿದ್ದಾರೆ. ಅದನ್ನು ಓದಿ ನಾನು ಸ್ವಲ್ಪ ಹೊತ್ತು ನಿಂತೆ. ಯಾರ ಕ್ರಮಕ್ಕೆ ಅದು ಅಕ್ರಮ? ಮರುಮಕ್ಕತ್ತಾಯಂ ಪಾಲಿಸುವವರ 'ಸಂಬಂಧಂ' ಅನ್ನು ಬ್ರಿಟಿಷ್ ನ್ಯಾಯಾಲಯಗಳು ಕಾನೂನುಬದ್ಧ ಮದುವೆ ಎಂದೇ ಒಪ್ಪುತ್ತಿರಲಿಲ್ಲ. 1896ರಲ್ಲಿ ಮಲಬಾರ್ ವಿವಾಹ ಕಾಯ್ದೆ ಬಂದು, ಬೇಕಾದವರು ನೋಂದಾಯಿಸಿಕೊಳ್ಳಬಹುದು ಎಂದಾಯಿತು. ಮರುಮಕ್ಕತ್ತಾಯಂ ಕುಟುಂಬಗಳಿಗೆಂದು ವಿವರವಾದ ಕಾಯ್ದೆ ಮದ್ರಾಸ್ ಪ್ರಾಂತದಲ್ಲಿ ಜಾರಿಯಾದದ್ದು 1933ರಲ್ಲಿ. ಅಲ್ಲಿಯವರೆಗೆ ಸಾಹೇಬರ ಪುಸ್ತಕದ ಪ್ರಕಾರ ಮಲಬಾರಿನಲ್ಲಿ ಸ್ವಜಾತಿಯವರೊಡನೆ ಬಾಳಿದ ಲಕ್ಷಾಂತರ ಗಂಡಹೆಂಡಿರ ಮಕ್ಕಳೂ ಇದೇ ಪಂಕ್ತಿಯವರು!

ತಾಯಿಯ ಮನೆಯ ಲೆಕ್ಕ ಹಾಗಲ್ಲ. ಮಗು ತಾಯಿಯ ತರವಾಡಿನದು. ಅದಕ್ಕೆ ಅನ್ನ, ಸೂರು, ಹೆಸರು ಎಲ್ಲವೂ ತಾಯಿಯಿಂದ. ಅಪ್ಪ ಯಾರು ಎಂಬುದು ಜಾತಿಯವರ ಬಾಯಿಗೆ ಸಿಗುವ ಪ್ರಶ್ನೆಯೇ ಹೊರತು ಮಗುವಿನ ಜಾಗವನ್ನು ಕಿತ್ತುಕೊಳ್ಳುವ ಪ್ರಶ್ನೆಯಲ್ಲ. ಕುಂಞಿ ಕುರುಂಬಿಯ ಹೆಸರಿನ ಕೊನೆಗಿರುವ 'ಕುರುವಾಯಿ' ಮಗಳು ದೇವಿಯ ಹೆಸರಿಗೂ ಹಾಗೆಯೇ ಇಳಿದು ಬಂದಿದೆ. ಅಲ್ಲಿ ಹ್ಯಾನಿಂಗ್ಟನ್ ಇಲ್ಲ, ಬೇಕಾಗಿಯೂ ಇರಲಿಲ್ಲ.

ಮಡಿಕೇರಿಯ ಇನ್ನೊಬ್ಬ

ಹ್ಯಾನಿಂಗ್ಟನ್ ಎಂಬ ಹೆಸರನ್ನು ಬೆನ್ನು ಹತ್ತಿದಾಗ ನಮ್ಮ ಜಿಲ್ಲೆಯೇ ಎದುರಾಯಿತು. ಸಾಹೇಬರ ಅಧಿಕೃತ ಸಂಸಾರದ ಮಗ ಫ್ರಾಂಕ್ ಹ್ಯಾನಿಂಗ್ಟನ್ ಐಸಿಎಸ್ ಸೇರಿ, 1910ರ ದಶಕದಲ್ಲಿ ಕೊಡಗಿನ ಕಮಿಷನರ್ ಆಗಿ ಮಡಿಕೇರಿಯಲ್ಲಿದ್ದರು. 1834ರಲ್ಲಿ ಚಿಕ್ಕವೀರ ರಾಜನಿಂದ ಕಿತ್ತುಕೊಂಡ ಕೊಡಗನ್ನು ನೋಡಿಕೊಳ್ಳುವ ಹುದ್ದೆ. ಆಡಳಿತದ ಕಡತಗಳ ನಡುವೆ ಅವರಿಗೆ ಚಿಟ್ಟೆಗಳ ಹುಚ್ಚು. ಮೊದಲು ಕುಮಾವೂನ್ ಪ್ರದೇಶದ ಚಿಟ್ಟೆಗಳ ಬಗ್ಗೆ, 1916ರಲ್ಲಿ ಕೊಡಗಿನ ಚಿಟ್ಟೆಗಳ ಬಗ್ಗೆ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಬರೆದರು. ಕೊಡಗಿನ ಚಿಟ್ಟೆಗಳ ಮೊದಮೊದಲ ಪಟ್ಟಿಗಳ ಮಾತು ಬಂದರೆ ಇಂದಿಗೂ ಅವರ ಹೆಸರು ಬರುತ್ತದೆ.

ಲೆಕ್ಕ ಹಾಕಿ ನೋಡಿ. ಫ್ರಾಂಕ್ ಮತ್ತು ದೇವಿ ಒಂದೇ ಅಪ್ಪನ ಮಕ್ಕಳು. ಅಣ್ಣ ತಂಗಿ ಎನ್ನಲಾಗದು, ಏಕೆಂದರೆ ದೇವಿಯೇ ದೊಡ್ಡವರು, ಅಕ್ಕ ತಮ್ಮ. ತಮ್ಮ ಮಡಿಕೇರಿಯ ಬೆಟ್ಟದ ಮೇಲೆ ಜಿಲ್ಲೆಯ ದೊರೆ. ಅಕ್ಕ ಘಟ್ಟದ ಕೆಳಗೆ ಸುಮಾರು 110 ಕಿಲೋಮೀಟರ್ ದೂರದ ತಲಶೇರಿಯಲ್ಲಿ ದೊಡ್ಡ ಸಂಸಾರದ ಯಜಮಾನಿ. ತಮ್ಮ ಚಿಟ್ಟೆ ಹಿಡಿಯುತ್ತಿದ್ದ ಕಾಲಕ್ಕೆ ಅಕ್ಕನ ಮಗಳು ಗಿಡಗಳ ಶಾಸ್ತ್ರ ಓದುವ ದಾರಿಗೆ ಬಂದಿದ್ದಳು. ನಾನು ಬಾಲ್ಯದಲ್ಲಿ ಎಷ್ಟೋ ಸಲ ಬಸ್ಸಿನಲ್ಲಿ ಇಳಿದ ಅದೇ ಘಟ್ಟದ ರಸ್ತೆಯ ಎರಡು ತುದಿಗೆ ಒಂದೇ ರಕ್ತದ ಇಬ್ಬರು. ಒಬ್ಬರಿಗೆ ತಂದೆಯ ಹೆಸರು ಪರವಾನಗಿ, ಇನ್ನೊಬ್ಬರಿಗೆ ಅದು ಊರಿನವರ ಪಿಸುಮಾತು.

ಆನಂದಪುರದ ದಂಪತಿ

ಬಣ್ಣ ಬೇರೆಯಾದದ್ದೇ ತಪ್ಪಾಗಿತ್ತೇ? ಹಾಗೆಂದು ತೀರ್ಮಾನಿಸುವ ಮೊದಲು ಕೊಡಗಿನದೇ ಇನ್ನೊಂದು ಕಥೆ ನೋಡಬೇಕು. ಮಂಗಳೂರಿನ ಸಾರಸ್ವತ ಬ್ರಾಹ್ಮಣ ಯುವಕ ಆನಂದರಾವ್ ಕೌಂಡಿನ್ಯ 1844ರಲ್ಲಿ ಬಾಸೆಲ್ ಮಿಷನ್ ಸೇರಿ ಕ್ರೈಸ್ತರಾದರು. 'ಮಂಗಳೂರ ಸಮಾಚಾರ' ಹೊರತಂದ ಹರ್ಮನ್ ಮೋಗ್ಲಿಂಗರ ಶಿಷ್ಯ, ಅವರ ಜತೆಗೇ ಸ್ವಿಟ್ಜರ್‌ಲ್ಯಾಂಡಿಗೆ ಹೋಗಿ ಓದಿ ಪಾದ್ರಿಯಾಗಿ ಮರಳಿದರು. 1860ರಲ್ಲಿ ಅವರು ಮದುವೆಯಾದದ್ದು ಮರೀ ರೈನ್‌ಹಾರ್ಟ್ ಎಂಬ ಜರ್ಮನ್ ಹೆಣ್ಣುಮಗಳನ್ನು. ಕೊಡಗಿನ ಆನಂದಪುರದಲ್ಲಿ ಮತಾಂತರಗೊಂಡ ದಲಿತರಿಗಾಗಿ ಕಾಫಿ ತೋಟ, ಹಳ್ಳಿ ಕಟ್ಟಿದ ಕೌಂಡಿನ್ಯರು ತೀರಿಕೊಂಡದ್ದು 1893ರಲ್ಲಿ.

ಕಂದು ಗಂಡು, ಬಿಳಿ ಹೆಣ್ಣು. ವಸಾಹತು ಕಾಲದಲ್ಲಿ ಅದು ಇನ್ನೂ ಅಪರೂಪ, ಇನ್ನೂ ಹುಬ್ಬೇರಿಸುವಂಥದ್ದು. ಆದರೂ ನಡೆಯಿತು, ಪುಸ್ತಕಕ್ಕೂ ಏರಿತು. ಇಬ್ಬರೂ ಒಂದೇ ಮತಕ್ಕೆ ಸೇರಿದ್ದರು, ಗಂಡಿಗೆ ಕುಲದ, ಓದಿನ ಬಲವಿತ್ತು, ಹಿಂದೆ ಒಂದು ಸಂಸ್ಥೆ ನಿಂತಿತ್ತು. ಅದೇ ದಶಕದಲ್ಲಿ, ಅದೇ ಘಟ್ಟದ ಕೆಳಗೆ ಕುಂಞಿ ಕುರುಂಬಿಯ ಹಿಂದೆ ಯಾರೂ ನಿಂತಿರಲಿಲ್ಲ, ಅವಳ ತಾಯಿಯ ಮನೆಯೊಂದನ್ನು ಬಿಟ್ಟು.

ತಿರುವನಂತಪುರ, 1932

ಜಾನಕಿ ತಲಶೇರಿಯಲ್ಲಿ ಶಾಲೆ ಮುಗಿಸಿ ಮದ್ರಾಸಿನ ಕ್ವೀನ್ ಮೇರೀಸ್, ಪ್ರೆಸಿಡೆನ್ಸಿ ಕಾಲೇಜುಗಳಲ್ಲಿ ಓದಿದರು. ಮನೆಯಲ್ಲಿ ಸೋದರಸಂಬಂಧಿಯೊಡನೆ ಮದುವೆಯ ಮಾತು ನಡೆದಿತ್ತು. ಅವರು ಆರಿಸಿಕೊಂಡದ್ದು ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ವಿದ್ಯಾರ್ಥಿವೇತನವನ್ನು. 1931ರಲ್ಲಿ ಅಲ್ಲಿಂದ ಡಿ.ಎಸ್ಸಿ. ಪಡೆದರು, ಕೊನೆಯವರೆಗೂ ಮದುವೆಯಾಗಲಿಲ್ಲ. ಮರಳಿ ಬಂದು 1932ರಲ್ಲಿ ಸಸ್ಯಶಾಸ್ತ್ರದ ಪ್ರೊಫೆಸರ್ ಆಗಿ ಸೇರಿದ್ದು ತಿರುವನಂತಪುರದ ಮಹಾರಾಜಾಸ್ ಕಾಲೇಜ್ ಆಫ್ ಸೈನ್ಸ್‌ಗೆ, ಪಾಳಯಂನಲ್ಲಿರುವ ಇಂದಿನ ಯೂನಿವರ್ಸಿಟಿ ಕಾಲೇಜಿಗೆ.

ಹೋದ ತಿಂಗಳು ಟೆಕ್ನೋಪಾರ್ಕಿನ ಕೆಲಸ ಬೇಗ ಮುಗಿದಾಗ ನಾನು ಪಾಳಯಂಗೆ ಬಂದು ಆ ಕೆಂಪು ಕಟ್ಟಡದ ಗೇಟಿನ ಮುಂದೆ ನಿಂತೆ. ಅಲ್ಲಿಂದ ತೈಕ್ಕಾಡಿಗೆ ಆಟೋದಲ್ಲಿ ಹತ್ತು ನಿಮಿಷ. ತೈಕ್ಕಾಡಿನ ಸರ್ಕಾರಿ ಅತಿಥಿಗೃಹವೇ ಹಿಂದಿನ ಬ್ರಿಟಿಷ್ ರೆಸಿಡೆನ್ಸಿ. ತಾತ ಇಡೀ ಸಂಸ್ಥಾನದ ಮೇಲೆ ಕಣ್ಣಿಟ್ಟು ಕೂತಿದ್ದ ಊರಿಗೆ ಸುಮಾರು 45 ವರ್ಷಗಳ ನಂತರ ಮೊಮ್ಮಗಳು ಪಾಠ ಹೇಳಲು ಬಂದಿದ್ದರು. ಹ್ಯಾನಿಂಗ್ಟನ್ ಎಂಬ ಹೆಸರು ಅವರ ಅರ್ಜಿಯಲ್ಲಿ ಇರಲಿಲ್ಲ, ಮಿಷಿಗನ್ನಿನ ಪದವಿ ಇತ್ತು.

ಅವರು ಸೇರಿದ ಕಾಲದ ತಿರುವಾಂಕೂರನ್ನೂ ನೆನೆಯಬೇಕು. ತೀಯರು, ಈಳವರು ಅಲ್ಲಿ ಅವರ್ಣರು. ಸಂಸ್ಥಾನದ ದೇವಾಲಯಗಳ ಬಾಗಿಲು ಅವರಿಗೆ ತೆರೆದದ್ದು 1936ರ ನವೆಂಬರ್ 12ರ ಘೋಷಣೆಯ ಬಳಿಕ. ಇದೇ ಸಂಸ್ಥಾನ ಅದಕ್ಕೂ ಮುಂಚೆ ಡಾ. ಪಲ್ಪು ಎಂಬ ಈಳವ ವೈದ್ಯರಿಗೆ ಜಾತಿಯ ಕಾರಣಕ್ಕೆ ಕೆಲಸ ಕೊಡದೆ ಕಳಿಸಿತ್ತು. ಅವರಿಗೆ ಅನ್ನ ಕೊಟ್ಟದ್ದು ನಮ್ಮ ಮೈಸೂರು ಸಂಸ್ಥಾನ. ಬೆಂಗಳೂರಿನ ಪ್ಲೇಗಿನ ದಿನಗಳಲ್ಲಿ ಜೀವದ ಹಂಗು ತೊರೆದು ದುಡಿದವರು ಅವರು. ಅಂಥ ಊರಿನ ಕಾಲೇಜಿನಲ್ಲಿ 1932ರಲ್ಲಿ ತೀಯ ಹೆಣ್ಣುಮಗಳೊಬ್ಬಳು ಪ್ರೊಫೆಸರ್. ಪ್ರಯೋಗಾಲಯದ ಬಾಗಿಲು ತೆರೆದಿತ್ತು, ಪದ್ಮನಾಭಸ್ವಾಮಿಯ ಬಾಗಿಲು ಇನ್ನೂ ನಾಲ್ಕು ವರ್ಷ ದೂರವಿತ್ತು.

1934ರಲ್ಲಿ ಅವರು ಕೊಯಮತ್ತೂರಿನ ಕಬ್ಬು ತಳಿ ಕೇಂದ್ರಕ್ಕೆ ಹೋದರು. ಮಂಡ್ಯದ ರೈತರ ಬಾಯಲ್ಲಿ ಓಡಾಡುವ 'ಕೊ' ತಳಿಗಳ 'ಕೊ' ಅಂದರೆ ಆ ಕೊಯಮತ್ತೂರೇ. ಕಬ್ಬನ್ನು ಜೋಳದ ಜಾತಿಗಳೊಡನೆ, ದರ್ಭೆಯಂಥ ಹುಲ್ಲುಗಳೊಡನೆ ಕೂಡಿಸಿ, ಬೇರೆ ಬೇರೆ ಕುಲದ ಸಸ್ಯಗಳ ಸಂಕರ ಹೇಗೆ ಸಾಧ್ಯ, ಅವುಗಳ ವರ್ಣತಂತುಗಳು ಹೇಗೆ ವರ್ತಿಸುತ್ತವೆ ಎಂದು ಅವರು ಅಲ್ಲಿ ಅಧ್ಯಯನ ಮಾಡಿದರು. ಸಿ.ವಿ. ರಾಮನ್ ಬೆಂಗಳೂರಿನಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿ 1935ರಲ್ಲಿ ಅವರನ್ನು ಫೆಲೋ ಆಗಿ ಆರಿಸಿತು. 1939ರಲ್ಲಿ ಇಂಗ್ಲೆಂಡಿಗೆ ಹೋದವರು ಯುದ್ಧದ ವರ್ಷಗಳನ್ನು ಅಲ್ಲೇ ಕಳೆದರು. ಸಿ.ಡಿ. ಡಾರ್ಲಿಂಗ್ಟನ್ ಜತೆ ಸೇರಿ ಬರೆದ ಕೃಷಿ ಸಸ್ಯಗಳ ವರ್ಣತಂತು ಕೋಶ 1945ರಲ್ಲಿ ಹೊರಬಂತು. ವಿಸ್ಲಿಯ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿಯ ತೋಟದಲ್ಲಿ ದುಡಿದ ನೆನಪಿಗೆ ಒಂದು ಮ್ಯಾಗ್ನೋಲಿಯ ತಳಿಗೆ ಅವರ ಹೆಸರಿಟ್ಟಿದ್ದಾರೆ. ತಾತನ ದೇಶದ ತೋಟದಲ್ಲಿ ಮೊಮ್ಮಗಳ ಹೆಸರಿನ ಹೂವು ಅರಳುತ್ತದೆ. ನೆಹರೂ ಕರೆದರೆಂದು 1951ರಲ್ಲಿ ಮರಳಿ ಬಂದರು, 1977ರಲ್ಲಿ ಪದ್ಮಶ್ರೀ ಬಂತು, 1984ರ ಫೆಬ್ರುವರಿಯಲ್ಲಿ ತೀರಿಕೊಂಡರು.

ಪ್ರೀತಿ ಎನ್ನಬೇಕೇ?

ಇಂಥ ಕಥೆಗಳನ್ನು ಸಿನಿಮಾದವರು ತೆಗೆದರೆ ತೆಂಗಿನ ಮರ, ಮಳೆ, ಬಿಳಿ ಕುದುರೆ, ಕದ್ದು ಭೇಟಿ ಎಲ್ಲ ಇರುತ್ತವೆ. ನನಗೆ ಹಿಂಜರಿಕೆ. ಒಂದು ಕಡೆ ಜಿಲ್ಲೆಯನ್ನೇ ಆಳುವ ವರ್ಗಕ್ಕೆ ಸೇರಿದ ಗಂಡಸು, ಇನ್ನೊಂದು ಕಡೆ ದೇವಸ್ಥಾನದ ಒಳಗೂ ಹೋಗಲಾಗದ ಜಾತಿಯ ಹೆಣ್ಣು. ಬೇಡ ಎನ್ನುವ ಅವಕಾಶ ಎಷ್ಟಿತ್ತು ಎಂದು ಕೇಳದೆ ಪ್ರೀತಿ ಎಂದು ಬರೆದುಬಿಡುವುದು ಸುಲಭ. ಹಾಗೆಂದು ಅಲ್ಲಿ ಒಲವೇ ಇರಲಿಲ್ಲ ಎನ್ನುವುದೂ ಸೊಕ್ಕಿನ ಮಾತಾದೀತು. ಅವಳನ್ನು ಬರಿಯ ಬಲಿಪಶು ಮಾಡಿದರೆ ಅವಳ ಮನಸ್ಸನ್ನು ನಾವೂ ಲೆಕ್ಕದಿಂದ ಬಿಟ್ಟಂತೆ.

ಆಡಿಟರನಾಗಿ ನನಗೆ ಗೊತ್ತಿರುವುದು ಒಂದೇ ವಿಧಾನ: ನಷ್ಟ ಯಾರ ಖಾತೆಗೆ ಹೋಯಿತು ಎಂದು ನೋಡುವುದು. ಸಾಹೇಬರ ಖಾತೆಯಲ್ಲಿ ನಷ್ಟವಿಲ್ಲ. ಅವರು ರೆಸಿಡೆಂಟ್ ಆದರು, ಸಂಸಾರ ಕಟ್ಟಿದರು, ಮಗ ಕಮಿಷನರ್ ಆದ. ನಿಷೇಧದ ಪೂರ್ತಿ ಬೆಲೆ ಬಿದ್ದದ್ದು ಹೆಣ್ಣಿನ ಮತ್ತು ಮಗುವಿನ ಲೆಕ್ಕಕ್ಕೆ. ಆ ಕಾಲದ ನಿಷಿದ್ಧ ಪ್ರೇಮಗಳೆಲ್ಲದರ ಬ್ಯಾಲೆನ್ಸ್ ಶೀಟ್ ಬಹುಮಟ್ಟಿಗೆ ಹೀಗೇ. ನಿಷೇಧ ಇಬ್ಬರಿಗೂ, ದಂಡ ಒಬ್ಬರಿಗೆ.

ನಮ್ಮದೂ ಮನೆಯವರು ಬೇಡವೆಂದ ಮದುವೆಯೇ. 1872ರಲ್ಲಿ ಬಂದ ವಿಶೇಷ ವಿವಾಹ ಕಾಯ್ದೆಯಲ್ಲಿ, ತಾವು ಹಿಂದೂ, ಕ್ರೈಸ್ತ, ಮುಸ್ಲಿಂ ಇತ್ಯಾದಿ ಯಾವ ಮತಕ್ಕೂ ಸೇರಿದವರಲ್ಲ ಎಂದು ಇಬ್ಬರೂ ಹೇಳಿಕೆ ಕೊಡಬೇಕಿತ್ತು. 1954ರ ಕಾಯ್ದೆಯಲ್ಲಿ ಆ ಕಷ್ಟವಿಲ್ಲ, 30 ದಿನದ ನೋಟಿಸ್ ಮಾತ್ರ ಉಳಿದಿದೆ. ಆ 30 ದಿನ ನಮ್ಮಿಬ್ಬರ ಹೆಸರು ನೋಟಿಸ್ ಬೋರ್ಡಿನಲ್ಲಿತ್ತು. ದಿನಾ ಭಯ, ಯಾರು ನೋಡುತ್ತಾರೋ ಎಂದು. ಸಹಿ ಹಾಕುವ ದಿನ ಅಮ್ಮ ಬರಲಿಲ್ಲ. ಮಗಳು ಹುಟ್ಟಿದ ಮೇಲೆ ಬಂದರು, ಬಾಣಂತಿಗೆ ಕಷಾಯದ ಪುಡಿ ಹೊತ್ತುಕೊಂಡು. ಆ ದಿನಗಳ ಕಹಿ ಈಗ ಇಲ್ಲ. ಆದರೆ ನಮ್ಮಿಬ್ಬರ ಹೆಸರೂ ಒಂದೇ ಸಾಲಿನಲ್ಲಿ, ಒಂದೇ ಅಳತೆಯ ಅಕ್ಷರದಲ್ಲಿ ರಿಜಿಸ್ಟರಿನಲ್ಲಿವೆ ಎಂಬುದರ ಬೆಲೆ ಏನೆಂದು ನನಗೆ ಅರ್ಥವಾದದ್ದು ಕುಂಞಿ ಕುರುಂಬಿಯನ್ನು ಹುಡುಕಿಕೊಂಡು ಹೊರಟ ಮೇಲೆ.

ಖಾಲಿ ಉಳಿದ ಕೊಂಬೆ

ಕಳೆದ ಭಾನುವಾರ ಹೈಕೋರ್ಟ್ ಜಂಕ್ಷನ್ನಿನ ಬಳಿಯಿಂದ ಮಗಳನ್ನು ಬೋಳ್ಗಾಟ್ಟಿ ದ್ವೀಪಕ್ಕೆ ಕರೆದುಕೊಂಡು ಹೋದೆ. 1744ರಲ್ಲಿ ಡಚ್ಚರು ಕಟ್ಟಿದ ಅರಮನೆ, ಬ್ರಿಟಿಷರ ಕಾಲದಲ್ಲಿ ರೆಸಿಡೆಂಟರ ನೆಲೆ, ಈಗ ಕೇರಳ ಪ್ರವಾಸೋದ್ಯಮ ನಿಗಮದ ಹೋಟೆಲ್. ಹಿನ್ನೀರಿನಾಚೆ ಕೊಚ್ಚಿ ಬಂದರಿನ ಕ್ರೇನುಗಳು ಕಾಣುತ್ತವೆ. ಹುಲ್ಲಿನ ಮೇಲೆ ಕೂತು ಅವಳಿಗೆ ಈ ಕಥೆಯನ್ನು ಅವಳಿಗೆ ತಿಳಿಯುವಷ್ಟು ಹೇಳಿದೆ. ಎಲ್ಲ ಕೇಳಿ, "ಹಾಗಾದರೆ ಕುರುಂಬಿ ಅಜ್ಜಿಯ ಹೆಸರು ನಮಗೆ ಗೊತ್ತು, ನಿಮ್ಮ ಮುತ್ತಜ್ಜಿಯ ಹೆಸರು ಗೊತ್ತಿಲ್ಲ ಅಲ್ವಾ?" ಅಂದಳು.

ನಾನು ಇಷ್ಟು ದಿನ ಓಡಾಡಿ ಕಂಡುಕೊಂಡದ್ದು ಅದೊಂದೇ. ಸಾಹೇಬರ ಕಡತ ಕುಂಞಿ ಕುರುಂಬಿಗೆ ಜಾಗ ಕೊಡಲಿಲ್ಲ. ಆದರೆ ಹೆಣ್ಣಿನಿಂದ ಹೆಣ್ಣಿಗೆ ಹೆಸರು ದಾಟಿಸುವ ಮನೆಯೊಂದು ಅವಳಿಗಿತ್ತು, ಆದ್ದರಿಂದ ಅವಳು ಉಳಿದಳು. ಆ ಪದ್ಧತಿಯೂ ಅವಳ ಮೊಮ್ಮಗಳ ಕಾಲಕ್ಕೇ ಸಡಿಲವಾಗುತ್ತಿತ್ತು. ಜಾನಕಿ ಅಮ್ಮಾಳ್ ಹೆಸರಿನ ಮುಂದಿನ ಇ.ಕೆ. ತಂದೆಯ ಕಡೆಯದು. ಕೇರಳದಲ್ಲಿ ಕೂಡುಕುಟುಂಬ ಪದ್ಧತಿಯನ್ನು 1975ರ ಕಾಯ್ದೆ ರದ್ದು ಮಾಡಿತು. ಇತ್ತ ನನ್ನ ಮುತ್ತಜ್ಜಿ ಅಗ್ನಿಸಾಕ್ಷಿಯಾಗಿ, ಊರವರ ಮುಂದೆ, ಎಲ್ಲರ ಒಪ್ಪಿಗೆಯಿಂದ ಮದುವೆಯಾದವರು. ಯಾವ ಕಲೆಯೂ ಇಲ್ಲ. ಹೆಸರೂ ಇಲ್ಲ.

ಅಮ್ಮ ಈಗ ಊರಿನಲ್ಲಿ ವಿಚಾರಿಸುತ್ತಿದ್ದಾರೆ. ಗೋಣಿಕೊಪ್ಪದಲ್ಲಿ ವಯಸ್ಸಾದ ಅತ್ತೆಯೊಬ್ಬರಿದ್ದಾರೆ, ಮುಂದಿನ ವಾರ ಹೋಗಿ ಕೇಳಿ ಬರುತ್ತಾರಂತೆ. ಮಗಳು ಚಾರ್ಟನ್ನು ಶಾಲೆಗೆ ಒಪ್ಪಿಸಿಯಾಗಿದೆ. ಮುತ್ತಜ್ಜನ ಪಕ್ಕದ ಕೊಂಬೆಯಲ್ಲಿ ಪೆನ್ಸಿಲಿನಿಂದ 'ದೊಡ್ಡಮ್ಮ' ಎಂದು ಬರೆದಿದ್ದಾಳೆ, ಸಿಕ್ಕಿದ ಮೇಲೆ ಅಳಿಸಿ ಬರೆಯಬಹುದಲ್ಲ ಎಂದು. ನೀವೂ ದುಬೈನಲ್ಲೋ ಪುಣೆಯಲ್ಲೋ ಚೆನ್ನೈನಲ್ಲೋ ಇರಬಹುದು. ಈ ವಾರ ಊರಿಗೆ ಫೋನ್ ಮಾಡಿದಾಗ ಮಳೆ, ಬೆಳೆ, ಆರೋಗ್ಯದ ಮಾತೆಲ್ಲ ಮುಗಿದ ಮೇಲೆ ಒಂದು ಪ್ರಶ್ನೆ ಕೇಳಿ ನೋಡಿ. ಹೇಳಬಲ್ಲವರು ಇನ್ನೂ ಇದ್ದಾಗಲೇ ಕೇಳಿಬಿಡಿ.